ಕಿವಿಯಲ್ಲಿ ಹೇಳುವ ಹೆಸರು

ಹೊಸ ಯೋಚನೆಗಳು ಎಲ್ಲಿಂದ ಹುಟ್ಟುತ್ತವೆ ಎಂದು ಹೇಳಿಕೊಡುವ ಪುಸ್ತಕಗಳನ್ನು ನಾನು ಓದತೊಡಗಿದ್ದು ನನ್ನ ತಮ್ಮ ಸಂಗಮೇಶನಿಗೆ ಮಗಳು ಹುಟ್ಟಿದ ಮೇಲೆ. ನಾವು ಬಾಗಲಕೋಟೆ ಕಡೆಯವರು. ನಮ್ಮಲ್ಲಿ ಮಗುವಿಗೆ ಹೆಸರಿಡುವವಳು ಸೋದರತ್ತೆ. ಅವಳು ತೊಟ್ಟಿಲಿನ ಮೇಲೆ ಬಗ್ಗಿ ಮಗುವಿನ ಕಿವಿಯಲ್ಲಿ ಹೆಸರು ಹೇಳಬೇಕು, ಹೇಳುವಾಗ ಉಳಿದ ಹೆಂಗಸರೆಲ್ಲ ಅವಳ ಬೆನ್ನಿಗೆ ಗುದ್ದಬೇಕು. ಗುದ್ದು ತಿನ್ನುವುದು ಸುಲಭ. ಕಷ್ಟವಿದ್ದದ್ದು ಹೆಸರಿನಲ್ಲಿ, ಏಕೆಂದರೆ ತಮ್ಮ ಫೋನಿನಲ್ಲಿ ಷರತ್ತು ಹಾಕಿದ್ದ.

"ಅಕ್ಕಾ, ಯಾರ ಮನ್ಯಾಗೂ ಇರಬಾರದು, ಗೂಗಲ್‌ನ್ಯಾಗೂ ಸಿಗಬಾರದು, ಅಂಥಾ ಹೆಸರ ಬೇಕು ನೋಡು. ನೀ ಓದಿದಾಕಿ, ನಿನಗ ಹೊಳೀತೈತಿ."

ನಿಜ ಹೇಳಬೇಕೆಂದರೆ ಹೊಳೆಯುವ ಅಗತ್ಯವೇ ಇರಲಿಲ್ಲ. ನನ್ನ ಹತ್ತಿರ ಒಂದು ಹೆಸರಿತ್ತು. ಕೆಲವು ವರ್ಷಗಳ ಹಿಂದೆ, ಐದನೇ ತಿಂಗಳಿಗೇ ಹೊಟ್ಟೆಯಿಂದ ಹೊರಟುಹೋದ ನನ್ನ ಮಗುವಿಗೆಂದು ಇಟ್ಟುಕೊಂಡಿದ್ದ ಹೆಸರು. ಗಂಡ ಹೊಳೆಪ್ಪನಿಗೂ ಹೇಳಿರಲಿಲ್ಲ, ಬಾಯಿಬಿಟ್ಟು ಒಮ್ಮೆಯೂ ಅಂದಿರಲಿಲ್ಲ. ಆ ಮಗುವಿನದು ಎಂದು ನನ್ನ ಬಳಿ ಉಳಿದದ್ದು ಅದೊಂದೇ. ಅದನ್ನೂ ಕೊಟ್ಟುಬಿಟ್ಟರೆ ಅವಳು ಇದ್ದಳು ಎನ್ನುವುದಕ್ಕೆ ಏನೂ ಉಳಿಯುವುದಿಲ್ಲ ಎಂದು ಭಯ. ಹಾಗಾಗಿ ನನಗೆ ಬೇರೆ ಹೆಸರು ಬೇಕಿತ್ತು, ಅದಕ್ಕಾಗಿ ಪುಸ್ತಕಗಳು ಬೇಕಿದ್ದವು.

ಜಯನಗರ ನಾಲ್ಕನೇ ಬ್ಲಾಕಿನ ಹಳೆ ಪುಸ್ತಕದ ಅಂಗಡಿಯಲ್ಲಿ ಮೂರು ಕೊಂಡೆ. ಮೂರರ ಮುಖಪುಟದಲ್ಲೂ ಉರಿಯುವ ಬಲ್ಬಿನ ಚಿತ್ರವಿತ್ತು. ಹೊಸದಾಗಿ ಯೋಚಿಸಿ ಎಂದು ಊರಿಗೆಲ್ಲ ಉಪದೇಶ ಮಾಡುವವರಿಗೆ ಒಂದು ಹೊಸ ಚಿತ್ರವೂ ಹೊಳೆದಿರಲಿಲ್ಲ. ಮೊದಲನೆಯ ಪುಸ್ತಕ, ಕೆಟ್ಟ ಯೋಚನೆಗಳನ್ನೆಲ್ಲ ಮೊದಲು ಬರೆದು ಖಾಲಿ ಮಾಡಿ, ಒಳ್ಳೆಯವು ಹಿಂದೆಯೇ ಬರುತ್ತವೆ ಎಂದಿತು. ಆಫೀಸಿನ ಊಟದ ಬಿಡುವಿನಲ್ಲಿ ಬರೆದೆ. ಕೆಟ್ಟವು ಮುಗಿಯಲೇ ಇಲ್ಲ. ಎರಡನೆಯದು, ಸಂಬಂಧವಿಲ್ಲದ ಎರಡು ವಸ್ತುಗಳನ್ನು ಜೋಡಿಸಿ ಎಂದಿತು. ಮೂರನೆಯದು ಮಾತ್ರ ನನಗೆ ಇಷ್ಟವಾಯಿತು, ಯಾಕೆಂದರೆ ಅದು ನಿದ್ದೆ ಮಾಡು ಎನ್ನುತ್ತಿತ್ತು.

ಕೈಯಲ್ಲಿ ಒಂದು ಚಮಚ ಹಿಡಿದು ಕುರ್ಚಿಯಲ್ಲಿ ಒರಗಬೇಕು. ಕೆಳಗೆ ಸ್ಟೀಲ್ ತಟ್ಟೆ ಇಡಬೇಕು. ಜೊಂಪು ಹತ್ತಿದಾಗ ಬೆರಳು ಸಡಿಲಾಗಿ ಚಮಚ ತಟ್ಟೆಗೆ ಬೀಳುತ್ತದೆ. ಆ ಸದ್ದಿಗೆ ಎಚ್ಚರಾದಾಗ, ನಿದ್ದೆಯ ಅಂಚಿನಿಂದ ಏನು ತಂದಿರುತ್ತೇವೋ ಅದೇ ಹೊಸ ಯೋಚನೆ.

ಬಿಟಿಎಂ ಲೇಔಟಿನ ನಮ್ಮ ಬಾಡಿಗೆ ಮನೆಗೆ ಮಧ್ಯಾಹ್ನದ ಬಿಸಿಲು ಹೊಂಗೆ ಮರದ ಎಲೆಗಳ ಮೂಲಕ ಬರುತ್ತದೆ, ನೆಲದ ಮೇಲೆ ಅಲ್ಲಾಡುತ್ತಿರುತ್ತದೆ. ಅದನ್ನು ನೋಡುತ್ತ ನೋಡುತ್ತ ಕಣ್ಣು ಮುಚ್ಚಿದರೆ ಗೋಡೆಗಳು ಮೆಲ್ಲಗೆ ದೂರ ಸರಿಯುತ್ತಿದ್ದವು. ಒಮ್ಮೆ ನಾನೊಂದು ಬಸ್ಸಿನಲ್ಲಿದ್ದೆ. ಕಂಡಕ್ಟರಮ್ಮ ನಿಲ್ದಾಣದ ಹೆಸರಿನ ಬದಲು ಹುಡುಗಿಯರ ಹೆಸರು ಕೂಗುತ್ತಿದ್ದಳು. ಒಂದೊಂದು ಹೆಸರಿಗೂ ಒಬ್ಬೊಬ್ಬಳು ಎದ್ದು, ಲಂಗ ಎತ್ತಿಕೊಂಡು ಇಳಿದುಹೋಗುತ್ತಿದ್ದಳು. ಹೊರಗೆ ರಸ್ತೆಯಿರಲಿಲ್ಲ, ನೀರಿನಂಥ ಬೆಳಕಿತ್ತು. ಕೊನೆಗೆ ಅವಳು ನಾನು ಬಚ್ಚಿಟ್ಟುಕೊಂಡಿದ್ದ ಆ ಹೆಸರನ್ನು ಕೂಗಿದಳು. ಬಸ್ಸು ನಿಂತಿತು, ಬಾಗಿಲು ತೆರೆಯಿತು, ಯಾರೂ ಏಳಲಿಲ್ಲ. "ಸ್ವಲ್ಪ ತಡೀರಿ," ಎಂದು ನಾನು ಕೈಮುಗಿಯುತ್ತಿದ್ದೆ. ಚಮಚ ಬಿತ್ತು.

ಪ್ರತಿ ಭಾನುವಾರವೂ ಹೀಗೇ. ಕನಸು ಬೇರೆ ಬೇರೆ, ತಂದದ್ದು ಅದೇ ಹೆಸರು. ಕೆಳಗಿನ ಮನೆಯಲ್ಲಿರುವ ನಮ್ಮ ಮಾಲೀಕ ತಿಮ್ಮರಾಯಪ್ಪನವರು ಒಮ್ಮೆ ಮೆಟ್ಟಿಲ ಬಳಿ ನನ್ನನ್ನು ತಡೆದರು. ಈ ಬೀದಿಯೆಲ್ಲ ರಾಗಿ ಹೊಲವಾಗಿದ್ದಾಗಿನಿಂದ ಇಲ್ಲಿರುವವರು, ಸದ್ದಿನ ವಿಷಯದಲ್ಲಿ ಕಿವಿ ಚುರುಕು.

"ಏನ್ ಜಯಾ ಮೇಡಂ, ಭಾನ್ವಾರ ಆದ್ರೆ ಮೇಲೆ ತಟ್ಟೆ ಬೀಳ್ತದಲ್ಲ? ಗಂಡ ಹೆಂಡ್ತಿ ಜಗಳಾನಾ?"

"ಇಲ್ಲ ಸಾರ್, ಯೋಚನೆ ಮಾಡ್ತಿದೀನಿ."

"ಯೋಚ್ನೆ ಮಾಡಕ್ಕೆ ಇಷ್ಟೊಂದು ಸದ್ದಾ!" ಎಂದು ನಗುತ್ತ ಒಳಗೆ ಹೋದರು.

ಕೊನೆಗೆ ಎರಡನೆಯ ಪುಸ್ತಕಕ್ಕೇ ಶರಣಾದೆ. ಸಂಗಮೇಶನ ‘ಸಂ’, ಅವನ ಹೆಂಡತಿ ಶ್ವೇತಾಳ ‘ಶ್ವ’ ಸೇರಿಸಿ ‘ಸಂಶ್ವಿ’ ಎಂದು ಕಳಿಸಿದೆ. ತಮ್ಮ ಕುಣಿದಾಡಿಬಿಟ್ಟ. ಗೂಗಲ್ ಕೂಡ ಕೈಚೆಲ್ಲಿತಂತೆ. ಅರ್ಥ ಏನು ಎಂದು ಯಾರೂ ಕೇಳಲಿಲ್ಲ, ಕೇಳಿದ್ದರೆ ನನ್ನ ಬಳಿ ಉತ್ತರವೂ ಇರಲಿಲ್ಲ. ನನ್ನದು ನನ್ನಲ್ಲೇ ಉಳಿಯಿತಲ್ಲ ಎಂದು ಸಮಾಧಾನಪಟ್ಟೆ.

ತೊಟ್ಟಿಲ ಶಾಸ್ತ್ರ ಜೆ.ಪಿ. ನಗರದ ತಮ್ಮನ ಮನೆಯಲ್ಲಿ. ಹೋಗುವಷ್ಟರಲ್ಲಿ ಗೋಡೆಯ ಮೇಲೆ ಥರ್ಮಾಕೋಲಿನ ದೊಡ್ಡ ಅಕ್ಷರಗಳಲ್ಲಿ ‘ಸಂಶ್ವಿ’ ಮಿನುಗುತ್ತಿತ್ತು. ಬಂದವರಿಗೆ ಕೊಡುವ ಡಬ್ಬಿಗಳ ಮೇಲೂ ಅದೇ. ನನ್ನನ್ನು ತೊಟ್ಟಿಲ ಬಳಿ ಕೂರಿಸಿದರು. ಸಾಂಬ್ರಾಣಿಯ ಹೊಗೆ, ಜೋಗುಳ, ಅತ್ತಿತ್ತ ತೂಗುವ ತೊಟ್ಟಿಲು. ನೋಡುತ್ತಿದ್ದ ಹಾಗೆ ಸುತ್ತಲಿನ ಮಾತೆಲ್ಲ ಪಕ್ಕದ ಮನೆಯಲ್ಲಿ ನಡೆಯುತ್ತಿರುವಂತೆ ದೂರವಾಯಿತು. ಮಗು ನನ್ನ ಕಡೆ ತಿರುಗಿತು. ಅದರ ಕಿವಿ ಇನ್ನೂ ಪೂರ್ತಿ ಬಿಡಿಸಿಕೊಂಡಿರಲಿಲ್ಲ, ಅಂಚಿನಲ್ಲಿ ನವಿರಾದ ಕೂದಲಿತ್ತು. ಬಗ್ಗಿದೆ. ಹಾಲಿನ ವಾಸನೆ ಬಂತು. ಬೆನ್ನಿನ ಮೇಲೆ ಅವ್ವನ ಮೊದಲ ಗುದ್ದು ಬಿತ್ತು, ಆಮೇಲೆ ಎಲ್ಲರದೂ. ನನ್ನ ಬಾಯಿಂದ ಹೆಸರು ಹೊರಗೆ ಬಂತು.

"ಏನಂದಿ? ಎಲ್ಲಾರಿಗೂ ಕೇಳೂ ಹಂಗ ಹೇಳ," ಎಂದಳು ಅವ್ವ.

"ಸೋನೆ," ಎಂದೆ.

ಹಾಡು ನಿಂತಿತು. ಎಲ್ಲರೂ ಗೋಡೆ ನೋಡಿದರು, ನನ್ನನ್ನು ನೋಡಿದರು.

"ಅಕ್ಕಾ, ಗ್ವಾಡಿ ಮ್ಯಾಲ ಬರದೈತಲ್ಲ! ಓದಿ ಹೇಳಿದ್ರ ಸಾಕಿತ್ತು," ಎಂದ ಸಂಗಮೇಶ.

ಶ್ವೇತಾ ಮಾತ್ರ ಮೆಲ್ಲಗೆ ಕೇಳಿದಳು. "ಸೋನೆ ಅಂದ್ರೆ ಮಳೆ ಅಲ್ವಾ ಅತ್ತಿಗೆ? ಯಾಕೆ ಆ ಹೆಸ್ರು?"

"ಆಗ... ನಾ ಬಸುರಿ ಇದ್ದಾಗ, ದಿನಾ ಸಂಜಿಕೆ ಬರ್ತಿತ್ತು. ನಮ್ಮೂರ ಮಳಿ ಜಗಳಕ್ಕ ಬಂದಂಗ ಬರ್ತದ. ಇಲ್ಲಿ ಸೋನೆ ಹಂಗಲ್ಲ. ಛತ್ರಿ ಇಲ್ಲದ ಅದರಾಗ ನಡಕೋತ ಮನಿಗೆ ಬರ್ತಿದ್ದೆ. ನನ್ನ ಕೂಸಿಗೆ ಅದನ್ನ ಇಡಬೇಕು ಅಂತ..." ಆಸ್ಪತ್ರೆಯಿಂದ ಬಂದ ದಿನ ಬಾರದ ಅಳು ಆ ಜನರ ನಡುವೆ ಬಂತು. ಬಾಗಿಲ ಬಳಿ ನಿಂತಿದ್ದ ಹೊಳೆಪ್ಪ ಮುಖ ತಿರುಗಿಸಿ ಕಣ್ಣು ಒರೆಸಿಕೊಂಡ.

ನನ್ನ ಅವ್ವ ರೇಣವ್ವ ಸೆರಗಿನಿಂದ ಮೂಗು ಒರೆಸಿಕೊಂಡು ಎದ್ದು ನಿಂತಳು. "ಅತ್ತಿ ಕಿವ್ಯಾಗ ಹೇಳಿದ್ದ ಹೆಸರು. ಗ್ವಾಡಿ ಮ್ಯಾಲ ಅಂಟಿಸಿದ್ದಲ್ಲ. ಸಂಗ್ಯಾ, ತಗೀ ಅದನ್ನ." ತಮ್ಮ ಹೆಂಡತಿಯ ಮುಖ ನೋಡಿದ. ಅವಳು ತಲೆಯಾಡಿಸಿದಳು. ಅವನು ಸ್ಟೂಲು ಹತ್ತಿದ.

ಊಟ ಮುಗಿದು ಜನ ಚದುರಿದ ಮೇಲೆ ಹಾಲ್‌ನ ಮೂಲೆಯಲ್ಲಿ ಕೂತೆ. ಎದೆಯೊಳಗೆ ಒಂದು ಜಾಗ ಖಾಲಿಯಾಗಿತ್ತು. ತಪ್ಪು ಮಾಡಿದೆ, ಹೆಸರನ್ನು ವಾಪಸು ಕೇಳಿಬಿಡೋಣ ಅನ್ನಿಸಿತು. ಅಷ್ಟರಲ್ಲಿ ಒಳಗಿನಿಂದ ಶ್ವೇತಾ ಗಟ್ಟಿಯಾಗಿ ಗದರುವುದು ಕೇಳಿಸಿತು.

"ಅಯ್ಯೋ ಸೋನೆ! ಹೊಸ ಸೀರೆ ಕಣೇ! ಅತ್ತಿಗೆ, ಬೇಗ ಬನ್ನಿ, ನಿಮ್ ಸೋನೆ ಎಲ್ಲಾ ಒದ್ದೆ ಮಾಡಾಕಿದಾಳೆ!"

ನಾನೂ ಯಾರನ್ನೂ ಕರೆಯದ ಹೆಸರನ್ನು ಹಿಡಿದು ಯಾರೋ ಬೈಯುತ್ತಿದ್ದರು. ಬೈಸಿಕೊಂಡವಳು ಮನೆ ಹಾರಿಹೋಗುವ ಹಾಗೆ ಅಳುತ್ತಿದ್ದಳು.

"ಬಂದೆ," ಎಂದು ಒಣಗಿದ ಬಟ್ಟೆ ಹುಡುಕಲು ಎದ್ದೆ.