ಅಕ್ಕನ ಮಾತು, ಅಕ್ಷರ ತಪ್ಪದೆ

ಕಮಿಷನರ್ ಕಚೇರಿಯ ಎರಡನೇ ಮಹಡಿಯಲ್ಲಿ ಅಕ್ಕಪಕ್ಕ ಎರಡು ಕೋಣೆ, ನಡುವೆ ಹಲಗೆಯ ಗೋಡೆ. ಆಚೆ ವಾಹನ ಕಳವು ಪತ್ತೆದಳ, ಈಚೆ ಅಪರಾಧ ತಡೆ ಘಟಕ. ಆಚೆಯವರು ಹಿಡಿಯುವವರು, ಈಚೆಯವರು ಹಿಡಿಯುವ ಪ್ರಮೇಯವೇ ಬಾರದಂತೆ ನೋಡಿಕೊಳ್ಳುವವರು. ಈಚೆಯವರಿಗೆ ಇದ್ದದ್ದು ಒಂದೇ ಕಟ್ಟುಪಾಡು: ಇಲ್ಲಿ ಆಡಿದ ಮಾತು ಹಲಗೆ ದಾಟಬಾರದು.

ಈ ಘಟಕದ ಹೆಡ್ ಕಾನ್‌ಸ್ಟೆಬಲ್‌ಗೆ ಬೀದಿಯವರಿಟ್ಟ ಹೆಸರು ಹಳದಿ ಮೇಡಂ. ಕಂಕುಳಲ್ಲಿ ಸದಾ ಹಳದಿ ರಟ್ಟಿನ ಪುಸ್ತಕ. ಬೇರೆಯವರು ‘ಸದರಿಯವರು ತಿಳಿಸಿದ್ದೇನೆಂದರೆ’ ಎಂದು ಶುರುಮಾಡಿ ಎಲ್ಲರ ಬಾಯಲ್ಲೂ ಒಂದೇ ಮಾತು ತುರುಕುತ್ತಿದ್ದರು. ಈಕೆ ಮಾತ್ರ ಜನ ಆಡಿದ್ದನ್ನು ಆಡಿದ ಹಾಗೇ ಬರೆಯುತ್ತಿದ್ದಳು. ಕೆಮ್ಮಿದರೆ ಕೆಮ್ಮಿದ್ದನ್ನೂ ಬರೆಯುತ್ತಾಳೆ ಎಂದು ಸಹೋದ್ಯೋಗಿಗಳು ಆಡಿಕೊಳ್ಳುತ್ತಿದ್ದರು. ಆಕೆಗೆ ಅದೇ ಹೆಮ್ಮೆ.

ಒಂದು ಸೋಮವಾರ ಬಟ್ಟೆ ಹೊಲಿಯುವ ಹೆಂಗಸೊಬ್ಬಳು ಬಂದು ಕೂತಳು. ಅಳತೆ ಟೇಪು ಕತ್ತಿನಲ್ಲೇ ಇತ್ತು. ಗ್ಯಾರೇಜಿನಲ್ಲಿ ದುಡಿಯುವ ತಮ್ಮನದೇ ಚಿಂತೆ. ಯಾರೋ ಪುಸಲಾಯಿಸಿ ಅವನಿಂದ ಎರಡು ಬೈಕುಗಳ ಬೀಗ ತೆಗೆಸಿದ್ದರು, ಈಗ ಮೂರನೆಯದಕ್ಕೆ ಕರೆಯುತ್ತಿದ್ದರು. ಚಿಕ್ಕಂದಿನಿಂದ ಅವನನ್ನು ಮುದ್ದುಮಾಡುತ್ತ ಆಡಿಕೊಂಡು ಬಂದ ಮಾತು ಅಳುವಿನ ನಡುವೆಯೂ ಬಾಯಿಗೆ ಬಂತು: “ನಮ್ಮ ಹುಡುಗ ಕೈಯಿಟ್ರೆ ಸಾಕು ಮೇಡಂ, ಬೀಗ ನಾಚ್ಕೊಂಡು ಬಾಯಿ ಬಿಡುತ್ತೆ.” ಇಬ್ಬರೂ ನಕ್ಕರು. ಅದೂ ಪುಸ್ತಕ ಸೇರಿತು.

ತಾನು ಇಲ್ಲಿಗೆ ಬಂದದ್ದು ಮಾತ್ರ ಅವನಿಗೆ ತಿಳಿಯಬಾರದು ಎಂದು ಅವಳು ಕೈಹಿಡಿದು ಕೇಳಿಕೊಂಡಳು. ಅಪ್ಪ ಅಮ್ಮ ಇಲ್ಲದ ಮನೆ. ಅವನು ನಂಬುವುದು ಅಕ್ಕನೊಬ್ಬಳನ್ನೇ. ಅದೊಂದು ಉಳಿದರೆ ಸಾಕಿತ್ತು ಅವಳಿಗೆ.

ಹಳದಿ ಮೇಡಂ ಮೂರು ದಿನ ಗ್ಯಾರೇಜಿಗೆ ಎಡತಾಕಿದಳು. ಹಳೇ ಟೈರುಗಳ ಮೇಲೆ ಕೂತು ತಮ್ಮನ ಹತ್ತಿರ ಅದೂ ಇದೂ ಮಾತಾಡಿ, ಕೊನೆಗೆ ಒಪ್ಪಿಸಿದಳು. ಶನಿವಾರ ಅವನೇ ವಕೀಲರ ಜೊತೆ ಬಂದು ಎಲ್ಲ ಹೇಳಿಬಿಡುವುದು. ತಾನಾಗಿ ಬಂದವನನ್ನು ಸಾಕ್ಷಿಯಾಗಿ ನೋಡಿ ಎಂದು ಈಕೆ ಮೇಲಿನವರಿಗೆ ಬರೆಯುವುದು.

ಗುರುವಾರ ಪತ್ತೆದಳದ ಇನ್‌ಸ್ಪೆಕ್ಟರ್ ಬಂದರು. ಆಕೆಗೆ ಕೆಲಸ ಕಲಿಸಿದವರೇ ಅವರು; ಬಾಯಲ್ಲಿ ಸಾರ್ ಎಂದರೂ ಮನಸ್ಸಿನಲ್ಲಿ ಅಣ್ಣನ ಜಾಗ. ಹೊಸಬರಿಗೆ ತರಗತಿ ಇದೆ, ಜನರ ಮಾತು ಹೇಗೆ ಬರೆದುಕೊಳ್ಳಬೇಕು ಅಂತ ತೋರಿಸಬೇಕು, ನಿನ್ನ ಹಾಗೆ ಬರೆಯುವವರು ಇಲಾಖೆಯಲ್ಲೇ ಇಲ್ಲ ಎಂದರು. ಹಳದಿ ಮೇಡಂ ಉಬ್ಬಿಹೋದಳು. ತಾನೇ ಎದ್ದು ಪುಸ್ತಕ ಕೊಟ್ಟಳು.

ಶುಕ್ರವಾರ ಮಧ್ಯಾಹ್ನ ತಮ್ಮನನ್ನು ಗ್ಯಾರೇಜಿನಿಂದಲೇ ಎಳೆದುತಂದರು. ಬಂಧನದ ಕಾರಣ ಬರೆದ ಹಾಳೆಯೊಂದನ್ನು ಅವನ ಕೈಗೂ ಕೊಟ್ಟಿದ್ದರು. ಅದರ ನಕಲನ್ನು ಹಳದಿ ಮೇಡಂ ಓದಿದಳು. ‘ಬಾತ್ಮೀದಾರರ ಪ್ರಕಾರ, ಆರೋಪಿಯು ಕೈಯಿಟ್ಟರೆ ಸಾಕು, ಬೀಗ ನಾಚಿಕೊಂಡು ಬಾಯಿ ಬಿಡುತ್ತದೆ.’

ಹಾಳೆ ಹಿಡಿದುಕೊಂಡೇ ಪಕ್ಕದ ಕೋಣೆಗೆ ನುಗ್ಗಿದಳು.

“ಹೆಸರೇನೂ ಹಾಕಿಲ್ವಲ್ಲಮ್ಮ,” ಎಂದರು ಇನ್‌ಸ್ಪೆಕ್ಟರ್, ಕಡತದಿಂದ ತಲೆಯೆತ್ತದೆ.

“ಹೆಸರು ಯಾಕೆ ಬೇಕು ಸಾರ್? ಆ ಮಾತು ಆಡೋರು ಪ್ರಪಂಚದಲ್ಲಿ ಒಬ್ಬರೇ.”

“ನೀನು ತಡೀತೀಯ, ನಾನು ಹಿಡೀತೀನಿ. ಒಂದೇ ಇಲಾಖೆ ತಾನೇ? ಮನಸ್ಸಿಗೆ ಹಚ್ಕೋಬೇಡ.”

ತರಗತಿ ಹೇಗಾಯಿತು ಸಾರ್ ಎಂದು ಕೇಳಿದಳು. ಅವರು ಪುಸ್ತಕವನ್ನು ಇತ್ತ ತಳ್ಳಿ ಫೋನು ಕೈಗೆತ್ತಿಕೊಂಡರು.

ಮರುದಿನ ನ್ಯಾಯಾಲಯದ ಕಾರಿಡಾರಿನಲ್ಲಿ ಅಕ್ಕ ಬೆಂಚಿನ ತುದಿಯಲ್ಲಿ ಕೂತಿದ್ದಳು. ಇಬ್ಬರು ಪೊಲೀಸರ ನಡುವೆ ನಿಂತ ತಮ್ಮ ಅವಳತ್ತ ನೋಡದೆ ಗೋಡೆಯ ಕಡೆ ಮುಖ ಮಾಡಿದ್ದ. ಹಳದಿ ಮೇಡಂ ಅವನೆದುರು ನಿಂತು, ಅಕ್ಕ ಬಂದದ್ದು ನಿನ್ನನ್ನು ಉಳಿಸಿಕೊಳ್ಳಲಿಕ್ಕೆ, ಬರೆದವಳು ನಾನು, ಕೈಯಾರೆ ಕೊಟ್ಟವಳೂ ನಾನೇ, ಕೆಲಸ ಹೋದರೂ ಸರಿ, ಇದನ್ನೇ ಒಳಗೆ ನ್ಯಾಯಾಧೀಶರ ಮುಂದೆಯೂ ಹೇಳುತ್ತೇನೆ ಎಂದಳು.

ಅವನು ಪೂರ್ತಿ ಕೇಳಿಸಿಕೊಂಡ. “ಟೈರ್ ಮೇಲೆ ಕೂತಿದ್ರಲ್ಲ ಮೇಡಂ, ಆಗ್ಲೂ ಗೊತ್ತಿತ್ತಾ, ಅಕ್ಕ ಬಂದಿದ್ಲು ಅಂತ?”

ಗೊತ್ತಿತ್ತು ಎಂದಳು.

“ಹಾಗಾದ್ರೆ ಇನ್ನೇನು ಉಳೀತು ಹೇಳೋಕೆ?”

ಅಕ್ಕನಾದರೂ ಒಂದು ಮಾತು ಸೇರಿಸಿಯಾಳು ಎಂದು ಆಕೆ ಬೆಂಚಿನತ್ತ ತಿರುಗಿದಳು. ಅಕ್ಕ ಎದ್ದು ನಿಂತಳು. “ನೀವು ಹೋಗಿ ಮೇಡಂ. ನೀವು ಇಲ್ಲಿರೋವರೆಗೂ ಅವನು ನನ್ನ ಕಡೆ ನೋಡಲ್ಲ.”

ಹಳದಿ ಮೇಡಂ ಹೋದಳು; ಮೆಟ್ಟಿಲ ಕಡೆಗಲ್ಲ, ವಿಚಾರಣೆಯ ಕೋಣೆಯೊಳಕ್ಕೆ. ಅಲ್ಲಿ ಇನ್‌ಸ್ಪೆಕ್ಟರ್ ಪಕ್ಕದ ಖಾಲಿ ಕುರ್ಚಿಯನ್ನು ತಟ್ಟಿ ತೋರಿಸಿದರು. ಆಕೆ ಆ ಕುರ್ಚಿ ದಾಟಿ, ಹುಡುಗನ ವಕೀಲರ ಹಿಂದಿನ ಬೆಂಚಿನಲ್ಲಿ ಕೂತಳು.