ಕಣ್ಣು ತಾಗಬಾರದ ಎಲೆ

ಬಾಳೆಲೆಯ ಪೊಟ್ಟಣವನ್ನು ಎದೆಗವಚಿಕೊಂಡು ಅಪೊಲೊನಿಯಾ ಬೆಟ್ಟ ಇಳಿದಳು. ಒಳಗೆ ಆರು ಜೋಡಿ ಅಣಬೆ. ಊರಿನವರು ಅವನ್ನು ಅಣಬೆ ಎನ್ನುವುದಿಲ್ಲ, ಕಂದಮ್ಮಗಳು ಎನ್ನುತ್ತಾರೆ. ರಾತ್ರಿ ಕತ್ತಲಲ್ಲಿ ತಿಂದವರೊಳಗೆ ಅವು ಮಾತಾಡಿ ಕಾಯಿಲೆ ಬಿಡಿಸುತ್ತವೆ. ದಾರಿಯಲ್ಲಿ ಬೇರೆಯವರ ಕಣ್ಣು ಬಿದ್ದರೆ ಅವು ಮೂಕವಾಗುತ್ತವೆ. ಮನೆಯಲ್ಲಿ ತಂಗಿ ಎಲ್ಪಿದಿಯಾ ಬೆದರಿ ಮಲಗಿ ಹನ್ನೊಂದು ದಿನ, ತುತ್ತಿಲ್ಲ, ಮಾತಿಲ್ಲ. ಈ ರಾತ್ರಿ ಕಂದಮ್ಮಗಳು ಮಾತಾಡದಿದ್ದರೆ ಅವಳು ಉಳಿಯುವುದಿಲ್ಲ.

ಸೇತುವೆಯ ಬಳಿ ಸೈನ್ಯದ ಗೇಟು. ಹೋದ ವರ್ಷ ಪರದೇಶದ ಹುಡುಗರು ಬಂದು, ಉಪವಾಸವಿಲ್ಲದೆ, ಕಾಯುವವರಿಲ್ಲದೆ, ಹಾಡುಹಗಲೇ ಮುಷ್ಟಿಗಟ್ಟಲೆ ತಿಂದಿದ್ದರು. ಒಬ್ಬ ರೆಕ್ಕೆ ಬಂತೆಂದು ಕಣಿವೆಗೆ ಹಾರಿದ. ಮಿಕ್ಕವರು ಬಸ್ಸು ಹತ್ತಿ ಹೋದರು. ಆಮೇಲೆ ಅಣಬೆ ಮುಟ್ಟಬಾರದೆಂದು ಕಾನೂನು ಬಂತು. ತಲೆತಲಾಂತರದಿಂದ ಜೋಡಿ ಎಣಿಸಿ, ಕೈಮುಗಿದು ತಿಂದವರು ಕಳ್ಳರಾದರು.

"ಎಲೆ ಬಿಚ್ಚು," ಎಂದ ಸಾರ್ಜೆಂಟ್.

ಕಾಫಿ ಮೂಟೆ ಹೊತ್ತು ಸಾಲಿನಲ್ಲಿ ನಿಂತಿದ್ದ ಇಪ್ಪತ್ತು ಮಂದಿ ಒಟ್ಟಿಗೆ ಬೆನ್ನು ತಿರುಗಿಸಿದರು. ಈ ಬೆಟ್ಟದವನೇ ಆದ ಸಿಪಾಯಿ ಫಿದೆನ್ಸಿಯೊ ತನ್ನ ಬೂಟು ನೋಡತೊಡಗಿದ.

"ಏನಾಯ್ತೋ ಇವರಿಗೆ?"

"ಕಣ್ಣು ತಾಗಬಾರದು ಸಾರ್," ಎಂದ ಫಿದೆನ್ಸಿಯೊ. "ಕಾಯಿಲೆಯವರಿಗೆ ಅದು."

"ಅಣಬೆಗೂ ನಾಚಿಕೆಯೇನೋ?" ಸಾರ್ಜೆಂಟ್ ನಕ್ಕು ಎಲೆ ಹರಿದ. ನೋಡಿದ.

ಅಪೊಲೊನಿಯಾ ಅಳಲಿಲ್ಲ. ಪೊಟ್ಟಣವನ್ನು ಅವನ ಮುಂದೆ ಕಲ್ಲಿನ ಮೇಲಿಟ್ಟಳು. "ನೋಡಿಬಿಟ್ಯಲ್ಲಪ್ಪ. ಇನ್ನು ಇವು ನಿನ್ನವು. ಹಗಲಲ್ಲಿ ಮಾತ್ರ ತಿನ್ಬೇಡ," ಎಂದು ಬಂದ ದಾರಿಯಲ್ಲೇ ಮತ್ತೆ ಬೆಟ್ಟ ಹತ್ತಿದಳು.

"ಏಯ್, ನಿಲ್ಲು. ಒಳಗೆ ಹಾಕ್ತೀನಿ."

ಸಾಲಿನಲ್ಲಿದ್ದ ಮುದುಕ ಎವೊದಿಯೊ ಮೂಟೆ ಇಳಿಸಿದ. "ನನ್ನನ್ನೂ ಸೇರಿಸ್ಕೊಳ್ಳಿ ಸ್ವಾಮಿ. ಜೈಲು ದೊಡ್ಡದಿದೆ ತಾನೆ?" ಎಂದು ಅವಳ ಹಿಂದೆ ನಡೆದ. ಒಂದೊಂದಾಗಿ ಇಪ್ಪತ್ತು ಮೂಟೆಯೂ ಇಳಿದವು.

ಮಂಜಿನ ಇಳಿಜಾರಿನಲ್ಲಿ ಅಣಬೆ ಹುಡುಕುತ್ತ ಇಪ್ಪತ್ತೊಂದು ಬೆನ್ನುಗಳು ಬಾಗಿದವು. ಒಬ್ಬರಿಗೆ ಸಿಕ್ಕಿದ್ದನ್ನು ಇನ್ನೊಬ್ಬರು ನೋಡಲಿಲ್ಲ. ಕೆಳಗೆ ಗೇಟು ಖಾಲಿ, ತಪಾಸಣೆಗೆ ನರಪಿಳ್ಳೆಯಿಲ್ಲ.

ಸಂಜೆಗೆ ಇಪ್ಪತ್ತೊಂದು ಎಲೆ ಪೊಟ್ಟಣಗಳು ಸಾಲಾಗಿ ಇಳಿದು ಬಂದವು. ಹೊಳೆಯೇ ದನಿ ತಗ್ಗಿಸಿದಂತಿತ್ತು. ಕಲ್ಲಿನ ಮೇಲೆ ಬೆಳಗಿನ ಪೊಟ್ಟಣ ಹಾಗೇ ಇತ್ತು. ಹರಿದ ಎಲೆಯ ಮೇಲೆ ಸಾರ್ಜೆಂಟ್ ತನ್ನ ಟೋಪಿ ಮುಚ್ಚಿದ್ದ.

ಅಪೊಲೊನಿಯಾ ಎಲ್ಲರ ಮುಂದಿದ್ದಳು. ಅವಳ ಪೊಟ್ಟಣದತ್ತ ಸಾರ್ಜೆಂಟ್ ಕೈ ಚಾಚಿದ. ಅವಳ ಹಿಂದಿನ ಇಪ್ಪತ್ತು ಮುಖಗಳೂ ಬೆಟ್ಟದ ಕಡೆ ತಿರುಗಿದವು. ಅವನ ಕೈ ಗಾಳಿಯಲ್ಲೇ ನಿಂತಿತು. ಆಮೇಲೆ ಅದು ಮೆಲ್ಲಗೆ ಬರಿದಲೆಗೆ ಹೋಯಿತು, ಅಲ್ಲಿಲ್ಲದ ಟೋಪಿ ತೆಗೆಯಲು ಹೋದಂತೆ.

ಫಿದೆನ್ಸಿಯೊ ಕಣ್ಣು ಮುಚ್ಚಿಕೊಂಡು ಗೇಟಿನ ಅಡ್ಡಕಂಬ ಎತ್ತಿದ.