ಗಾಳೆಪ್ಪನ ಕೈಯಲ್ಲಿ ಮೆಟ್ಟು

ಉಮಾಳ ಕಾಮಿಕ್ಸಿನಲ್ಲಿ ಸ್ವಾತಂತ್ರ್ಯ ಕೊಣ್ಣೂರಿನ ಸೇತುವೆ ದಾಟುವುದಿಲ್ಲ. ನಲವತ್ತೇಳರ ಆಗಸ್ಟಿನಲ್ಲಿ ಮಲಪ್ರಭೆಗೆ ಮಹಾಪೂರ ಬಂದು, ಸುದ್ದಿ ತರುತ್ತಿದ್ದ ಸವಾರ ಕುದುರೆ ಸಮೇತ ಆಚೆ ದಂಡೆಯಲ್ಲೇ ಉಳಿದುಬಿಡುತ್ತಾನೆ. ಹಾಗಾಗಿ ಈಚೆಗಿನ ರೋಣ, ನರಗುಂದ, ಗಜೇಂದ್ರಗಡವೆಲ್ಲ ಒಬ್ಬ ದಣಿಯ ಕೈಕೆಳಗೆ ಇಂದಿಗೂ ಇವೆ. ಹುಬ್ಬಳ್ಳಿ ಕಡೆಯ ದಾರಿ ತೆರೆದೇ ಇತ್ತಲ್ಲ, ಸುದ್ದಿ ಅತ್ತಲಿಂದ ಬರಬಹುದಿತ್ತಲ್ಲ ಎಂದು ಭೂಗೋಳ ಬಲ್ಲವರು ತಕರಾರು ತೆಗೆಯಬಹುದು. ಮನುಷ್ಯ ಗಾಳಿಯಲ್ಲಿ ಹಾರುವುದನ್ನು ಒಪ್ಪಿಕೊಂಡವರು ಇಷ್ಟನ್ನೂ ಒಪ್ಪಿಕೊಂಡರೆ ಗಂಟೇನೂ ಹೋಗುವುದಿಲ್ಲ.

ಆ ದಣಿಯ ನಾಡಿನಲ್ಲಿ ಗಜೇಂದ್ರಗಡದ ಗುಡ್ಡದ ಮೇಲಿನ ಗಾಳಿಯಂತ್ರಗಳೆಲ್ಲ ದಣಿಯ ಕಾವಲುಗಂಬಗಳು. ನರಗುಂದದ ಗುಡ್ಡ ಸೆರೆಮನೆ. ಹಾರುವಂಥ ಶಕ್ತಿಯಿರುವ ಕೂಸು ಯಾರ ಹೊಟ್ಟೆಯಲ್ಲಿ ಹುಟ್ಟಿದರೂ ತೊಟ್ಟಿಲಿಗೆ ಹಾಕುವ ದಿನವೇ ಅದನ್ನು ವಾಡೆಗೆ, ಅಂದರೆ ದಣಿಯ ಮನೆಗೆ, ಒಯ್ಯುತ್ತಾರೆ. ದಣಿ ಆ ಮಕ್ಕಳನ್ನು ಹೊಡೆಯುವುದಿಲ್ಲ, ಬಯ್ಯುವುದಿಲ್ಲ. ಹೊಟ್ಟೆ ತುಂಬ ರೊಟ್ಟಿ ಹಾಕಿಸುತ್ತಾನೆ, ದನದ ಕೊಟ್ಟಿಗೆಯಲ್ಲಿ ಬೆಚ್ಚಗೆ ಮಲಗಿಸುತ್ತಾನೆ, ಒಬ್ಬೊಬ್ಬರನ್ನೂ ಹೆಸರು ಹಿಡಿದು ಕರೆಯುತ್ತಾನೆ. ದೊಡ್ಡವರಾದ ಮೇಲೆ ಅವರೇ ಅವನ ಕಾವಲಿಗೆ ನಿಲ್ಲುತ್ತಾರೆ. ಉಂಡ ಮನೆಯ ಜಂತಿ ಎಣಿಸಬಾರದು ಎಂದು ಅವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಅಂಥ ಮಕ್ಕಳಲ್ಲಿ ಒಬ್ಬ, ಕೊನೆಗೆ ದಣಿಗೆ ತಿರುಗಿಬೀಳುವವನು, ಗಾಳೆಪ್ಪ. ಹಾರುತ್ತಾನೆ. ತನ್ನ ಅವ್ವ ಗಾಳೆವ್ವನ ಹೆಸರನ್ನೇ ಉಮಾ ಅವನಿಗಿಟ್ಟಿದ್ದಳು.

ಇಷ್ಟನ್ನೆಲ್ಲ ಬರೆದ ಉಮಾ ರೋಣದ ಒಂದು ಫ್ಲೆಕ್ಸ್ ಅಂಗಡಿಯಲ್ಲಿ ಕೆಲಸಕ್ಕಿದ್ದಳು. ಹಗಲೆಲ್ಲ ಹುಟ್ಟುಹಬ್ಬದ ಲೀಡರುಗಳ ಮುಖ ಬೆಳ್ಳಗೆ ಮಾಡುವುದು, ತೀರಿಹೋದವರ ಫೋಟೋದ ಸುತ್ತ ಹೂವು ಜೋಡಿಸುವುದು. ಮಧ್ಯಾಹ್ನ ಗಿರಾಕಿ ಇಲ್ಲದ ಹೊತ್ತಿನಲ್ಲಿ ಅಂಗಡಿಯ ಖಾದರ ಕಂಪ್ಯೂಟರು ಬಿಟ್ಟುಕೊಡುತ್ತಿದ್ದ. ಹಾಗೆ ಎರಡು ವರ್ಷ ಬರೆದ ಹತ್ತು ಕಂತುಗಳನ್ನು ಜನ ಮೊಬೈಲಿನಲ್ಲಿ ಓದಿದರು. ಬೆಂಗಳೂರಿನ ಒಬ್ಬ ಪ್ರಕಾಶಕರು ಪುಸ್ತಕ ಮಾಡುತ್ತೇವೆಂದರು. ಉಳಿದದ್ದು ಕೊನೆಯ ಪುಟ ಒಂದೇ. ಅದರಲ್ಲಿ ಗಾಳೆಪ್ಪ ವಾಡೆಯ ಅಂಗಳಕ್ಕೆ ಇಳಿದು ದಣಿಯನ್ನು ಹೊಡೆದು ಕೆಡವಬೇಕು.

ಎಷ್ಟು ಬರೆದು ಅಳಿಸಿದರೂ ಆ ಪುಟ ಏಳುತ್ತಲೇ ಇರಲಿಲ್ಲ. ಅಷ್ಟರಲ್ಲಿ ಪ್ರಕಾಶನದ ಶಶಿಕಾಂತನ ಫೋನು ಬಂತು.

"ಉಮಾ ಅವರೇ, ಕತೆ ತುಂಬಾ ಚೆನ್ನಾಗಿದೆ. ಒಂದೇ ಅನುಮಾನ. ನಿಮ್ಮ ಹೀರೋ ಹಾರುವಾಗ ಕೈಯಲ್ಲಿ ಚಪ್ಪಲಿ ಯಾಕೆ ಹಿಡ್ಕೊಂಡಿರ್ತಾನೆ?"

"ಚಪ್ಪಲಿನ್ರಿ?"

"ಹೌದು, ಎಡಗೈಯಲ್ಲಿ. ಏನಾದ್ರೂ ಅರ್ಥ ಇದ್ರೆ ಇರಲಿ. ಇಲ್ದಿದ್ರೆ ಓದೋರು ನಗ್ತಾರೆ."

ಉಮಾ ಚಿತ್ರಗಳನ್ನು ಒಂದೊಂದಾಗಿ ತೆರೆದು ನೋಡಿದಳು. ಅಬ್ಬಿಗೇರಿಯ ಕಪ್ಪು ಎರಿ ಹೊಲಗಳ ಮೇಲೆ ಹಾರುವಾಗ ಗಾಳೆಪ್ಪನ ಚಪ್ಪಲಿ ಕಾಲಲ್ಲೇ ಇದ್ದವು. ಹೊಳೆಯ ಮೇಲೆ ಹಾರುವಾಗಲೂ ಕಾಲಲ್ಲೇ. ಆದರೆ ಚಿತ್ರದ ಮೂಲೆಯಲ್ಲಿ ವಾಡೆಯ ಗೋಡೆ ಒಂದಿಷ್ಟು ಕಂಡರೆ ಸಾಕು, ಚಪ್ಪಲಿ ಎಡಗೈಗೆ ಬಂದಿರುತ್ತಿದ್ದವು. ಆಳೆತ್ತರ ಅಲ್ಲ, ಗುಡ್ಡದೆತ್ತರದಲ್ಲಿ ಹಾರುವವನು, ನೆಲಕ್ಕೆ ಕಾಲೇ ತಾಗದವನು, ವಾಡೆ ಬಂತೆಂದು ಆಕಾಶದಲ್ಲಿ ಮೆಟ್ಟು ಬಿಚ್ಚಿ ಕೈಯಲ್ಲಿ ಹಿಡಿದಿದ್ದ. ಅದನ್ನು ತಾನೇ ಬರೆದಿದ್ದಳು, ಬರೆದದ್ದು ತನಗೇ ಗೊತ್ತಿರಲಿಲ್ಲ. ಅವಳಿಗೆ ನಾಚಿಕೆಯಾಯಿತು. ಅದರ ಹಿಂದೆಯೇ ಅವ್ವನ ಕಾಲು ನೆನಪಾಯಿತು.

ಗಾಳೆವ್ವನಿಗೆ ಸಕ್ಕರೆ ಕಾಯಿಲೆ. ಬಲಗಾಲಿನ ಅಂಗಾಲಲ್ಲಿ ಹುಣ್ಣಾಗಿ ನಾಲ್ಕು ತಿಂಗಳಾಗಿತ್ತು. ಮಾಯುತ್ತ ಬರುತ್ತದೆ, ಮತ್ತೆ ಬಾಯಿ ಬಿಡುತ್ತದೆ. ಬರಿಗಾಲಲ್ಲಿ ಒಂದು ಹೆಜ್ಜೆಯನ್ನೂ ಇಡಬಾರದು, ಇಟ್ಟರೆ ಕಾಲು ಉಳಿಯುವುದಿಲ್ಲ ಎಂದು ದವಾಖಾನೆಯಲ್ಲಿ ಮೆತ್ತನೆಯ ಅಟ್ಟೆಯ ಚಪ್ಪಲಿ ಕೊಟ್ಟಿದ್ದರು. ಗಾಳೆವ್ವ ಅವನ್ನು ಮನೆಯೊಳಗೂ ಹಾಕಿಕೊಂಡೇ ಓಡಾಡುತ್ತಿದ್ದಳು. ಒಲೆಯ ಮುಂದೆ ಚಪ್ಪಲಿ ಹಾಕಿ ಕೂತ ಅವಳನ್ನು ನೋಡಿ ಪಕ್ಕದ ಮನೆಯ ಸಕ್ರವ್ವ, "ಏನವ್ವ, ಭಾಳ ಶಾಣೇರಾದ್ರಿ ನೀವು" ಎಂದು ಆಡಿಕೊಂಡದ್ದೂ ಇತ್ತು. ಡಾಕ್ಟರು ಕೇಳಿದಾಗಲೆಲ್ಲ ಅವಳದು ಒಂದೇ ಮಾತು: "ಬರಿಗಾಲಾಗ ಎಲ್ಲಿ ಅಡ್ಡಾಡ್ತೀನ್ರಿ? ಯಾವಾಗ್ಲೂ ಹಾಕ್ಕೊಂಡಿರ್ತೀನ್ರಿ."

ಮರುದಿನ ಬೆಳಿಗ್ಗೆ ಗಾಳೆವ್ವ ಕಾಲಿಗೆ ಪಟ್ಟಿ ಕಟ್ಟಿಸಿಕೊಳ್ಳಲು ಬಸ್ಸಿಗೆ ಹೊರಟಾಗ ಉಮಾ ಸ್ವಲ್ಪ ದೂರದಿಂದ ಹಿಂದೆ ನಡೆದಳು.

ಅವರ ಊರು ಸವಡಿಯ ಆಚೆ. ಓಣಿಯಿಂದ ಬಸ್ಸಿನ ದಾರಿಗೆ ಹೋಗಬೇಕೆಂದರೆ ವಾಡೆಯ ಮುಂದೆಯೇ ಹೋಗಬೇಕು. ಹಿಂದೆ ಹಳ್ಳ, ಜಾಲಿಮುಳ್ಳು. ವಾಡೆ ಅಂದರೆ ಈಗ ವಾಡೆಯ ಹೆಸರಷ್ಟೇ. ದಣಿಯ ಮನೆತನದವರು ಊರು ಬಿಟ್ಟು ಮೂವತ್ತು ವರ್ಷವಾಯಿತು. ಜಂತಿ ತೊಲೆಗಳನ್ನು ಯಾರ್ಯಾರೋ ಕಿತ್ತೊಯ್ದರು. ಅಗಸಿ ಬಾಗಿಲಿಗೆ ಹಾಕಿದ ದೊಡ್ಡ ಕೀಲಿ ಹಾಗೇ ಇದೆ, ಬಾಗಿಲಿನ ಎರಡೂ ಕಡೆ ಗೋಡೆ ಬಿದ್ದು ಆಡುಗಳು ಒಳಗೆ ಹೋಗಿಬರುತ್ತವೆ. ಹಗ್ಗ ಸುಟ್ಟರೂ ಹುರಿ ಬಿಡದು ಅನ್ನುವುದು ಆ ಕೀಲಿಯನ್ನು ನೋಡಿಯೇ ಹುಟ್ಟಿರಬೇಕು. ಉಮಾ ಶಾಲೆಗೆ ಹೋಗುವಾಗಿನಿಂದ ಅದರ ಮುಂದೆ ಚಪ್ಪಲಿ ಹಾಕಿಕೊಂಡೇ ಅಡ್ಡಾಡಿದವಳು. ಅವಳ ವಾರಿಗೆಯವರಲ್ಲಿ ಯಾರಿಗೂ ಅದೊಂದು ವಿಷಯವೇ ಅಲ್ಲ.

ವಾಡೆಯ ಮೂಲೆ ಬಂತು. ಗಾಳೆವ್ವ ನಿಲ್ಲಲಿಲ್ಲ, ಅತ್ತಿತ್ತ ನೋಡಲಿಲ್ಲ. ನಡೆಯುತ್ತಲೇ ಬಗ್ಗಿ ಒಂದಾದ ಮೇಲೊಂದು ಚಪ್ಪಲಿ ತೆಗೆದು ಎಡಗೈಗೆ ತೆಗೆದುಕೊಂಡಳು. ಆಡಿನ ಹಿಕ್ಕೆ, ಹರಳು, ಜಾಲಿಮುಳ್ಳು ಬಿದ್ದ ದಾರಿಯಲ್ಲಿ ಎಪ್ಪತ್ತೆರಡು ಹೆಜ್ಜೆ. ಉಮಾ ಎಣಿಸಿದಳು. ಕಾಲಿನ ಪಟ್ಟಿ ಧೂಳನ್ನು ಒರೆಸುತ್ತ ಹೋಯಿತು.

"ಯವ್ವಾ!" ಉಮಾ ಓಡಿದಳು. "ಮೆಟ್ಟು ಯಾಕ ಬಿಚ್ಚಿದಿಬೇ?"

"ಯಾವಾಗ ಬಿಚ್ಚಿದ್ನ್ಯಾ?"

"ಕೈಯಾಗ ಏನೈತಿ ನೋಡ್ಕೊ."

ಗಾಳೆವ್ವ ತನ್ನ ಕೈ ನೋಡಿಕೊಂಡಳು. ಅವಳ ಮುಖದಲ್ಲಿ ಸುಳ್ಳು ಸಿಕ್ಕಿಬಿದ್ದವರ ಕಳೆ ಇರಲಿಲ್ಲ. ನಿನ್ನೆ ಕಂಪ್ಯೂಟರಿನ ಮುಂದೆ ತನ್ನ ಮುಖ ಹೇಗಿತ್ತೋ ಹಾಗೇ ಇದೆ ಅನಿಸಿತು ಉಮಾಳಿಗೆ.

"ಏ, ಇದಾ? ವಾಡೇದ ಮುಂದ ಬಂದಿದ್ನೆಲ್ಲವ್ವ."

"ವಾಡೇದಾಗ ಯಾರದಾರ?"

"ಯಾರಿಲ್ಲ. ನಾಯಿ ಸೈತ ಇಲ್ಲ."

"ಮತ್ತ?"

"ಮತ್ತೇನು ಮತ್ತ? ಯಾರರ ಇದ್ರ ಕೇಳಿ ಹಾಕ್ಕೊಂಡು ಹೋಗಬಹುದಿತ್ತು. ಹಾಕ್ಕೊಂಡು ಹೋಗ ಗಾಳೆವ್ವ ಅನ್ನಾಕ ಈಗ ಯಾರದಾರ?"

ದಣಿಯ ಮನೆತನದವರು ಊರು ಬಿಡುವವರೆಗೂ ವಾಡೆಯ ಕೊಟ್ಟಿಗೆಯ ಸಗಣಿ ಬಳಿದವಳು ಗಾಳೆವ್ವ. ಅವಳ ಮಾತಿನಿಂದಲೇ ಉಮಾಳಿಗೆ ಒಂದು ಉಪಾಯ ಹೊಳೆಯಿತು. ಹೊಳೆಯದೇ ಇದ್ದಿದ್ದರೆ ಒಳ್ಳೆಯದಿತ್ತು.

ದಣಿಯ ಮೊಮ್ಮಗ ಹುಬ್ಬಳ್ಳಿಯಲ್ಲಿದ್ದಾನೆಂದು ಖಾದರನಿಗೆ ಗೊತ್ತಿತ್ತು. ಅವರ ಮನೆಯ ಯಾವುದೋ ಮದುವೆಗೆ ಬ್ಯಾನರು ಮಾಡಿಕೊಟ್ಟಿದ್ದ. ನಂಬರು ಹುಡುಕಿ ಕೊಟ್ಟು, "ಕೇಳಿ ನೋಡವ್ವ, ಒಂದು ಮಾತು ಆಡಾಕ ಅವ್ರಿಗೇನು ಹೋಗ್ತೈತಿ" ಎಂದ. ಉಮಾ ನಾಚಿಕೆ ಬಿಟ್ಟು ಫೋನು ಮಾಡಿ ಎಲ್ಲ ಹೇಳಿದಳು. ಆತ ಸಣ್ಣ ಮನಸ್ಸಿನವನಲ್ಲ, ಕೆಟ್ಟವನೂ ಅಲ್ಲ. ಊರಿನ ಹೆಸರು ನೆನಪಾಗಲು ಸ್ವಲ್ಪ ಹೊತ್ತು ಹಿಡಿಯಿತು, ಅಷ್ಟೇ.

"ಅಯ್ಯ, ಇನ್ನೂ ಹಂಗ ಮಾಡ್ತಾರೇನ್ರಿ? ಛೇ ಛೇ. ಕೊಡ್ರಿ ಅವ್ರಿಗೆ, ನಾನ ಹೇಳ್ತೀನಿ."

ಗಾಳೆವ್ವ ಕಟ್ಟೆಯ ಮೇಲೆ ಕಾಲು ಚಾಚಿ ಮೆಣಸಿನಕಾಯಿ ತೊಟ್ಟು ಬಿಡಿಸುತ್ತಿದ್ದಳು. ಯಾರ ಫೋನೆಂದು ಉಮಾ ಹೇಳಿದ್ದೇ ತಡ, ಎದ್ದು ನಿಂತಳು. ಸೆರಗು ತಲೆಯ ಮೇಲೆ ಎಳೆದುಕೊಂಡಳು. ಕಾಲಿನಿಂದ ಎರಡೂ ಚಪ್ಪಲಿ ಕಳಚಿ ಬದಿಗೆ ಸರಿಸಿದಳು. ಆಮೇಲೆ ಫೋನನ್ನು ಎರಡೂ ಕೈಯಲ್ಲಿ ಹಿಡಿದು, "ಹೌದ್ರಿ ಯಪ್ಪಾ... ಆತ್ರಿ ಯಪ್ಪಾ... ನಿಮ್ಮಜ್ಜಾರು ದೇವರಂಥವರ್ರಿ" ಎಂದಳು. ಅವಳ ಕಣ್ಣಲ್ಲಿ ನೀರು ನಿಂತಿತ್ತು.

"ಏನಂದ್ರು?"

"ಹಾಕ್ಕೊಂಡು ಅಡ್ಡಾಡಬೇ ಅಂದ್ರು. ನನ್ನಂಥಾಕಿನ ಕಾಲಿನ ಚಿಂತಿ ಅವ್ರಿಗೆ ನೋಡು. ಎಂಥಾ ದೊಡ್ಡ ಮನಸು!"

"ಸುಳ್ಳಲ್ಲಲ್ಲ? ನಾಳಿಂದ ಹಾಕ್ಕೊಂಡು ಹೊಕ್ಕಿ?"

ಗಾಳೆವ್ವ ಮಗಳನ್ನು ವಿಚಿತ್ರವಾಗಿ ನೋಡಿದಳು. "ಏನಂತ ಮಾತಾಡ್ತೀಯವ್ವ? ಇಷ್ಟು ಅಂದವರ ಮನಿ ಮುಂದ ಮೆಟ್ಟು ಹಾಕ್ಕೊಂಡು ಹೋಗಲೇನ?"

ಉಮಾ ತಲೆಗೆ ಕೈ ಹೊತ್ತು ಕೂತಳು. ಅದುವರೆಗೆ ಅವ್ವ ರೂಢಿಗೆ ಬಿಚ್ಚುತ್ತಿದ್ದಳು. ಇನ್ನು ಮೇಲೆ ಮನಸಾರೆ ಬಿಚ್ಚತೊಡಗಿದಳು, ಮೂಲೆಗಿಂತ ಹತ್ತು ಹೆಜ್ಜೆ ಮುಂಚೆಯೇ. ಕಾಮಿಕ್ಸಿನಲ್ಲಿ ದಣಿ ಮಕ್ಕಳನ್ನು ಹೆಸರು ಹಿಡಿದು ಕರೆಯುತ್ತಾನೆ ಎಂದು ಬರೆಯುವಾಗ ಉಮಾ ಅದನ್ನು ತನ್ನ ಜಾಣತನ ಎಂದುಕೊಂಡಿದ್ದಳು. ಅದು ಅವ್ವನಿಂದಲೇ ಬಂದದ್ದೆಂದು ಈಗ ಗೊತ್ತಾಯಿತು.

ಎಂಟನೆಯ ದಿನ ಜಾಲಿಮುಳ್ಳು ಸರಿಯಾಗಿ ಹುಣ್ಣಿಗೇ ನಟ್ಟಿತು. ಸಕ್ಕರೆ ಕಾಯಿಲೆಯ ಕಾಲು, ನಟ್ಟದ್ದು ಗಾಳೆವ್ವನಿಗೆ ಗೊತ್ತೇ ಆಗಲಿಲ್ಲ. ಪಾದ ಕಪ್ಪಾಗಿ ಜ್ವರ ಏರಿದ ಮೇಲೆ ಜಿಲ್ಲೆಯ ದೊಡ್ಡ ದವಾಖಾನೆಗೆ ಒಯ್ದರು. ಮೊಣಕಾಲಿನ ಕೆಳಗೆ ತೆಗೆಯಲೇಬೇಕು ಎಂದರು ಅಲ್ಲಿ. ಉಮಾ ಒಪ್ಪಿಗೆಯ ಕಾಗದದ ಮೇಲೆ ಅವ್ವನ ಹೆಬ್ಬೆಟ್ಟನ್ನು ತಾನೇ ಹಿಡಿದು ಒತ್ತಿಸಿದಳು.

ಆಪರೇಷನ್ ನಡೆಯುವ ಹೊತ್ತಿನಲ್ಲಿ, ಹೊರಗಿನ ಬೆಂಚಿನ ಮೇಲೆ ಕೂತು, ಕೊನೆಯ ಪುಟ ಬರೆದಳು. ಸಿಟ್ಟೇ ಬರೆಸಿತು. ಮೊಬೈಲಿನ ಸಣ್ಣ ಪರದೆಯ ಮೇಲೆ ಬೆರಳಿನಿಂದಲೇ. ಗಾಳೆಪ್ಪ ವಾಡೆಯ ಅಂಗಳಕ್ಕೆ ಇಳಿದಿದ್ದಾನೆ. ಎರಡೂ ಕಾಲಲ್ಲಿ ದಪ್ಪ ಚಪ್ಪಲಿ, ಎರಡೂ ಕೈ ಖಾಲಿ. ದಣಿ ಅವನ ಏಟಿಗೆ ನೆಲಕ್ಕೆ ಬಿದ್ದಿದ್ದಾನೆ, ತಲೆಯ ಪಟಗ ಉರುಳಿದೆ, ಮೆಟ್ಟು ಕಾಲಿಂದ ಕಳಚಿ ದೂರ ಬಿದ್ದಿವೆ. ಹಿಂದಿನ ಚಿತ್ರಗಳಲ್ಲೂ ಗಾಳೆಪ್ಪನ ಕೈಯಿಂದ ಚಪ್ಪಲಿ ಅಳಿಸಿ ಕಾಲಿಗೆ ತೊಡಿಸಿ ಎಲ್ಲವನ್ನೂ ಶಶಿಕಾಂತನಿಗೆ ಕಳಿಸಿದಳು. "ಅದ್ಭುತ! ಈಗ ಸರಿಯಾಯ್ತು. ನಾಳೆನೇ ಪ್ರೆಸ್ಸಿಗೆ" ಎಂದು ಉತ್ತರ ಬಂತು.

ನಾಲ್ಕು ದಿನ ಕಳೆದು ಗಾಳೆವ್ವ ದಿಂಬಿಗೆ ಒರಗಿ ಕೂತಾಗ ಉಮಾ ಆ ಪುಟ ತೋರಿಸಿದಳು. ಗಾಳೆವ್ವನಿಗೆ ಓದು ಬಾರದು, ಆದರೆ ಹತ್ತು ಕಂತಿನ ಚಿತ್ರ ನೋಡಿದ್ದಳು. ತನ್ನ ಹೆಸರಿನ ಹುಡುಗನೆಂದು ಗಾಳೆಪ್ಪನ ಮೇಲೆ ಭಾಳ ಮಮತೆ. ಮೊಬೈಲನ್ನು ದೂರ ಹಿಡಿದು, ಹತ್ತಿರ ಹಿಡಿದು, ಬಹಳ ಹೊತ್ತು ನೋಡಿದಳು.

"ಕಡೀಕೂ ಹೊಡದ ಬಿಟ್ನೇನವ್ವ ನಮ್ಮ ಹುಡುಗನ್ನ?"

"ಯಾರು ಯಾರನ್ನ?"

"ದಣಿ, ನಮ್ಮ ಗಾಳೆಪ್ಪನ್ನ." ಬಿದ್ದವನ ಬರಿಗಾಲಿನ ಮೇಲೆ ಬೆರಳಿಟ್ಟಳು. "ಪಾಪ, ಹ್ಯಾಂಗ ಬಿದ್ದಾನ ನೋಡು. ಮೆಟ್ಟು ಎಲ್ಲ್ಯೋ ಬಿದ್ದಾವು."

"ಅಲ್ಲಬೇ, ಯವ್ವಾ. ನಿಂತಾಂವ ಗಾಳೆಪ್ಪ. ಬಿದ್ದಾಂವ ದಣಿ."

"ಮೆಟ್ಟು ಹಾಕ್ಕೊಂಡು ನಿಂತಾನಲ್ಲ ವಾಡೇದಾಗ?"

"ಹಾಕ್ಕೊಂಡಾನ. ಗೆದ್ದಾನ ಅಂವ."

ಗಾಳೆವ್ವ ಮತ್ತೊಮ್ಮೆ ನೋಡಿದಳು. ಮಗಳ ಮನಸ್ಸು ನೋಯಿಸಬಾರದೆಂದು, "ಹ್ಞೂಂ, ಇರಬೇಕು" ಎಂದಳು. ಬೆರಳು ಮಾತ್ರ ಬಿದ್ದವನ ಮೇಲೆಯೇ ಇತ್ತು, ಸವರುತ್ತಿತ್ತು. ಎರಡು ವರ್ಷ ಬರೆದದ್ದೆಲ್ಲ ಈ ಒಬ್ಬಳಿಗಾಗಿ ಎಂದು ಉಮಾಳಿಗೆ ಆಗ ತಿಳಿಯಿತು. ತಿಳಿದ ಗಳಿಗೆಯಲ್ಲೇ ಅದು ವ್ಯರ್ಥವಾಯಿತೆಂದೂ ತಿಳಿದು, ಮುಖ ತೊಳೆಯುವ ನೆಪ ಮಾಡಿ ನಳದ ಹತ್ತಿರ ಹೋಗಿ ಅತ್ತಳು.

ಮನೆಗೆ ಕಳಿಸಿದ ದಿನ ರೋಣದಿಂದ ಆಟೋ ಮಾಡಿಕೊಂಡು ಬಂದರು. ಗಾಳೆವ್ವ ಉಮಾಳಿಗೆ ಒತ್ತಿ ಕೂತಿದ್ದಳು. ಬಲಗಡೆ ಸೀರೆ ಖಾಲಿಯಾಗಿ ಜೋತುಬಿದ್ದಿತ್ತು. ಎಡಗಾಲಿಗೆ ಉಮಾ ಹೊಸದಾಗಿ ತಂದ ಮೆತ್ತನೆಯ ಚಪ್ಪಲಿ. ಜೋಡಿಯ ಇನ್ನೊಂದನ್ನು ಏನು ಮಾಡಬೇಕೆಂದು ತಿಳಿಯದೆ ಚೀಲದಲ್ಲಿ ಇಟ್ಟುಕೊಂಡಿದ್ದಳು. ಸವಡಿ ದಾಟಿತು. ಕಡಲೆ ಹೊಲಗಳು ದಾಟಿದವು. ಊರು ಬಂತು.

ವಾಡೆಯ ಬಿದ್ದ ಗೋಡೆ ಕಂಡಿತು. ಗಾಳೆವ್ವ ಬಗ್ಗಿದಳು. ಕಾಲಿನತ್ತ ಕೈ ಚಾಚಿದಳು. ಆಟೋ ಕುಲುಕುತ್ತಿತ್ತು, ಮೈಗೆ ಸಮತೋಲ ಸಿಗಲಿಲ್ಲ, ಕೈ ಮುಟ್ಟಲಿಲ್ಲ. ಮತ್ತೊಮ್ಮೆ ಚಾಚಿದಳು.

"ಉಮಾ," ಎಂದಳು, ನೀರು ಕೇಳುವಷ್ಟು ಸಹಜವಾಗಿ. "ಒಂದೀಟು ಬಿಚ್ಚವ್ವ. ವಾಡೆ ಬಂತು."

ಉಮಾ ಅವ್ವನ ಮುಖ ನೋಡಿದಳು. ನೋವಿನಲ್ಲಿ, ಗಡಿಬಿಡಿಯಲ್ಲಿ ಅದು ಬೆವೆತಿತ್ತು. ತಡವಾದರೆ ಏನೋ ತಪ್ಪಾದೀತೆಂಬ ಗಾಬರಿ ಕಣ್ಣಲ್ಲಿತ್ತು.

ಉಮಾ ಬಗ್ಗಿ ಬಿಚ್ಚಿದಳು. ಎಪ್ಪತ್ತೆರಡು ಹೆಜ್ಜೆಯ ದಾರಿಯನ್ನು ಆಟೋ ಆರೇಳು ಕ್ಷಣದಲ್ಲಿ ದಾಟಿತು. ಅಷ್ಟು ಹೊತ್ತು ಆ ಒಂದು ಚಪ್ಪಲಿಯನ್ನು ಉಮಾ ಎಡಗೈಯಲ್ಲಿ ಹಿಡಿದುಕೊಂಡಿದ್ದಳು.